ವಿಂಡೋಸ್ ಲ್ಯಾಬಿನಲ್ಲಿ ಲಿನಕ್ಸ್ ರೆಕಾರ್ಡು

ಗೆಳೆಯರೇ, ಹೊಳಲ್ಕೆರೆಯ ನಮ್ಮ ಕಾಲೇಜಿನಲ್ಲಿ ಇವತ್ತು ಲ್ಯಾಬ್ ರೆಕಾರ್ಡಿಗೆ ಅಂಕ ಹಾಕುವ ದಿನ. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು ನಾನು. ಪ್ರಯೋಗ ಇಷ್ಟೇ: ಲಿನಕ್ಸಿಗೆಂದು ಬರೆದ ಒಂದು ಓಪನ್ ಸೋರ್ಸ್ ನಿಘಂಟು ತಂತ್ರಾಂಶದ ಕೋಡನ್ನು ನಮ್ಮ ವಿಂಡೋಸ್ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಬೇಕು, ಅಂದರೆ ಅಲ್ಲಿ ಓಡುವಂತೆ ಮಾಡಬೇಕು; ಆದದ್ದನ್ನು ಆದಂತೆ ಬರೆಯಬೇಕು.

ಇಡೀ ತರಗತಿ ಹೋದ ವರ್ಷದವರ ರೆಕಾರ್ಡನ್ನು ನಕಲು ಮಾಡಿತ್ತು. ಹೋದ ವರ್ಷ ಲ್ಯಾಬಿನಲ್ಲಿ ಇದ್ದದ್ದು ಲಿನಕ್ಸ್. ಹಾಗಾಗಿ ಎಲ್ಲರ ಪುಟದಲ್ಲೂ ಸ್ಕೇಲ್ ಹಿಡಿದು ಬರೆದ ಲಿನಕ್ಸ್ ಪರದೆಯ ಚಿತ್ರ, ಅದರೊಳಗೆ ಹೋದ ವರ್ಷದ್ದೇ ತಾರೀಖು! ರಾಮಗಿರಿಯ ರೇಣುಕಾ ಒಬ್ಬಳೇ ನಿಜವಾಗಿ ಕಂಪೈಲ್ ಮಾಡಿ, ಬಂದ ಎರರ್‌ಗಳನ್ನೂ ಅವನ್ನು ಸರಿಪಡಿಸಿದ ಬಗೆಯನ್ನೂ ನಾಲ್ಕು ಪುಟ ಬರೆದಿದ್ದಳು.

ವಿಭಾಗದ ಮುಖ್ಯಸ್ಥರು ಆ ನಾಲ್ಕೂ ಪುಟಗಳಿಗೆ ಕೆಂಪು ಗೀಟು ಎಳೆದರು. "ಏನಮ್ಮಾ, ಎಲ್ಲಾರ್ದೂ ಒಂದೇ ತರ ಐತೆ, ನಿಂದೊಂದ್ಯಾಕೆ ಬ್ಯಾರೆ? ತಿರುಗಿ ಬರ್ಕೊಂಡು ಬಾ."

"ಬರೀತೀನಿ ಸರ್," ಎಂದಳು ರೇಣುಕಾ. "ಅವ್ರು ಬರ್ದಿರಾದನ್ನ ಈ ಕಂಪ್ಯೂಟರ್‌ನಾಗೆ ಒಂದ್ಸಲ ಓಡಿಸಿ ತೋರಿಸ್ರಿ, ನೋಡ್ಕೊಂಡು ಬರೀತೀನಿ."

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಏನ್ರೀ, ಕರೆಂಟ್ ಹೋಗೈತಲ್ಲ?"

ಅವರ ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು.

ಕೊನೆಗೆ ರೇಣುಕಾಗೆ ಹತ್ತಕ್ಕೆ ಆರು, ಉಳಿದವರಿಗೆಲ್ಲ ಹತ್ತಕ್ಕೆ ಹತ್ತು. ಯಾವ ಕಂಪ್ಯೂಟರೇ ಇರಲಿ, ಒಂದೂ ಎರರ್ ಬಾರದೆ ನಡೆಯುವುದು ನಮ್ಮಲ್ಲಿ ನಕಲು ಒಂದೇ. ಅದಕ್ಕೆ ಕರೆಂಟೂ ಬೇಡ.