ಕುಂಟೆಬಿಲ್ಲೆಯ ಮಡಕೆಚೂರು

ಆ ಕಾವಲುಗಾರನನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವನಿಗಿಂತ ಹೆಚ್ಚಾಗಿ ನನ್ನ ಮೇಲೇ ಉರಿಯುತ್ತದೆ, ಅದು ಬೇರೆ ಮಾತು.

ತಿ. ನರಸೀಪುರದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಏಳನೇ ತರಗತಿಯವರನ್ನು ವರ್ಷಕ್ಕೊಮ್ಮೆ ನಂಜನಗೂಡಿನ ಒಂದು ಪುಟ್ಟ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗುವ ಹುಚ್ಚು ನನಗೆ. ಅಲ್ಲಿ ಪ್ರತಿಯೊಬ್ಬರೂ ಒಂದು ವಸ್ತು ಆರಿಸಿಕೊಂಡು, ಅದನ್ನು ಬಳಸಿದವರ ಊರನ್ನು ಮನಸ್ಸಿನಲ್ಲೇ ಕಟ್ಟಬೇಕು. ಅವರು ಏನು ಉಣ್ಣುತ್ತಿದ್ದರು, ಯಾರ ಜೊತೆ ಜಗಳ ಕಾಯುತ್ತಿದ್ದರು, ಮಳೆ ಬಂದರೆ ಎಲ್ಲಿಗೆ ಓಡುತ್ತಿದ್ದರು, ಎಲ್ಲ. ವಾಪಸು ಬಂದು ಬರೆಯಬೇಕು. ನಮ್ಮ ಹೆಡ್ಮಾಸ್ಟರಿಗೆ ಇದು ಕಂಡರಾಗದು. "ಇಲ್ದಿರೋ ಊರಿಗೆ ಯಾರಮ್ಮಾ ಮಾರ್ಕ್ಸ್ ಕೊಡ್ತಾರೆ? ಒಂದೇ ಒಂದು ಕಂಪ್ಲೇಂಟ್ ಬಂದ್ರೂ ಇದೇ ಕೊನೆ" ಎಂದು ಕಳೆದ ವರ್ಷ ಹೊರಡುವಾಗಲೇ ಹೇಳಿದ್ದರು. ಆದರೂ ಮಕ್ಕಳನ್ನು ಬಸ್ಸು ಹತ್ತಿಸಿದ್ದೆ.

ಹಳೆಯ ಮಡಕೆಚೂರುಗಳನ್ನು ಅಲ್ಲಿ ಮೇಜಿನ ಮೇಲೆ ಹಾಗೇ ಹರವಿಟ್ಟಿದ್ದರು. ಬಗ್ಗಿ ನೋಡುತ್ತಿದ್ದ ಹುಡುಗಿಯೊಬ್ಬಳ ಕೈಯಲ್ಲಿ ಅಂಥದೇ ಚೂರು ಕಂಡದ್ದೇ ತಡ, ಕಾವಲುಗಾರ ಅವಳ ರಟ್ಟೆ ಹಿಡಿದ. "ಕದೀತೀಯಾ? ಏನ್ರೀ ಟೀಚರ್ರೇ, ಇದೇನಾ ಕಲ್ಸಿರೋದು? ನಿಮ್ಮ ಸ್ಕೂಲಿಗೆ ಬರೀತೀನಿ ಕಣ್ರೀ."

"ಇದು ನಂದು ಸಾ. ಕುಂಟೆಬಿಲ್ಲೆ ಆಡೋ ಬಿಲ್ಲೆ. ಒಲದಲ್ಲಿ ಸಿಕ್ಕಿದ್ದು" ಎಂದಳು ಅವಳು.

ನಿಜವೇ. ನಮ್ಮ ಕಡೆ ಹೊಳೆದಂಡೆಯ ಹೊಲ ಉಳುವಾಗ ಅಂಥ ಚೂರು ರಾಶಿ ಏಳುತ್ತವೆ. ಹೆಣ್ಣುಮಕ್ಕಳು ಅಂಚು ಉಜ್ಜಿ, ದುಂಡಗೆ ಮಾಡಿ, ಯೂನಿಫಾರಂ ಜೇಬಿನಲ್ಲಿ ಇಟ್ಟುಕೊಂಡೇ ಶಾಲೆಗೆ ಬರುತ್ತಾರೆ. ಇವಳು ಅದೇ ಬಿಲ್ಲೆ ಎಸೆದು ಕುಂಟುವುದನ್ನು ನಾನೇ ಎಷ್ಟು ಸಲ ನೋಡಿದ್ದೆನೋ. ಮೇಜಿನ ಮೇಲಿನದನ್ನೂ ತನ್ನದನ್ನೂ ಹೋಲಿಸಿ ನೋಡಲು ಹೊರಗೆ ತೆಗೆದಿದ್ದಳು, ಅಷ್ಟೇ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಹೆಡ್ಮಾಸ್ಟರ ಮಾತು.

"ಇಟ್ಬಿಡು. ಸಾರಿ ಕೇಳು" ಎಂದೆ.

ಅವಳು ನನ್ನ ಮುಖ ನೋಡಿದಳು. ಇಟ್ಟಳು. ಸಾರಿ ಕೇಳಲಿಲ್ಲ. ಆ ಮನುಷ್ಯನ ಮುಂದೆ ಹಲ್ಲು ಗಿಂಜಿಕೊಂಡು ನಾನೇ ಕೇಳಿದೆ, ಥೂ. ಅವನು ಬಿಲ್ಲೆಯನ್ನು ಮಿಕ್ಕ ಚೂರುಗಳ ಸಾಲಿಗೆ ಸೇರಿಸಿ, ಸಾವಿರಾರು ವರ್ಷ ಹಳೆಯವು ಎಂದು ಬರೆದಿದ್ದ ಚೀಟಿಯನ್ನು ನೆಟ್ಟಗೆ ಮಾಡಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹುಡುಗರು ಅವಳನ್ನು ಕಳ್ಳಿ ಕಳ್ಳಿ ಎಂದು ರೇಗಿಸಿದರು. ಗದರಿಸಿ ಸುಮ್ಮನಾಗಿಸಿದೆ. ಅವಳು ಕದ್ದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಮಾರನೆಯ ದಿನ ಎಲ್ಲರೂ ತಂತಮ್ಮ ಊರು ಬರೆದು ತಂದರು. ಕೊರಳಗಂಟೆ ಆರಿಸಿಕೊಂಡವನ ಊರಿನಲ್ಲಿ ಎಮ್ಮೆಗಳೇ ಪಂಚಾಯಿತಿ ಸೇರಿಸಿ ಹುಲ್ಲು ಹಂಚುತ್ತಿದ್ದವು. ಭೇಷ್ ಎಂದು ಬೆನ್ನು ತಟ್ಟಿದೆ. ಇವಳ ಹಾಳೆ ಖಾಲಿ. ನನಗೆ ಸಿಟ್ಟು ನೆತ್ತಿಗೇರಿತು, ತಪ್ಪು ನನ್ನದೆಂದು ಗೊತ್ತಿದ್ದುದರಿಂದ ಇನ್ನೂ ಜಾಸ್ತಿ ಏರಿತು. ಊಟದ ಬಿಡುವಿನಲ್ಲಿ ಕರೆದು, "ಎಷ್ಟು ಕೊಬ್ಬು ನಿಂಗೆ? ಒಂದು ಚೂರಿಗೆ ಇಷ್ಟು ಹಟವಾ? ಇನ್ನೊಂದು ಸಿಗಲ್ವಾ?" ಎಂದು ಜಾಡಿಸಿದೆ.

"ಬಿಲ್ಲೆ ಬೇಕಾದಷ್ಟು ಸಿಕ್ತವೆ ಮಿಸ್" ಎಂದಳು. ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. "ಎಮ್ಮೆ ಪಂಚಾಯ್ತಿ ಮಾಡ್ತವೆ ಅಂದ್ರೆ ನಂಬ್ತೀರಿ. ನಂದು ಅಂತ ನಾ ಯೋಳಿದ್ದ ನಂಬ್ನಿಲ್ಲ."

ನಂಬಿದ್ದೆ. ಅಲ್ಲಿ ನಿಂತಿದ್ದಾಗಲೇ ನಂಬಿದ್ದೆ. ಅದನ್ನು ಹೇಳಿದರೆ ಇನ್ನೂ ಕೆಟ್ಟದಾಗುತ್ತದೆಂದು ಹೇಳಲಿಲ್ಲ.