ಬಾಗಿಲ ಮುಂದಿನ ಹಗೇವು

ನಮ್ಮಪ್ಪನ ಜೋಳ ಕೊಳೆತದ್ದು ಅವನ ಸೊಕ್ಕಿನಿಂದ. ಊರವರು ಮಳೆ ಅಂದರು, ಪ್ರಾರ್ಥನಾಮನೆಯ ಅಯ್ಯನವರು ದೇವರ ಪರೀಕ್ಷೆ ಅಂದರು. ಎರಡೂ ಸುಳ್ಳು. ನಾನು ಅಲ್ಲೇ ನಿಂತಿದ್ದೆ.

ಆಗ ನಮ್ಮೂರು ಯಂಕಂಚಿಯಲ್ಲಿ ಜೋಳ ಇಡುತ್ತಿದ್ದದ್ದು ನೆಲದೊಳಗಿನ ಹಗೇವಿನಲ್ಲಿ. ಆಳುದ್ದದ ಗುಂಡಿ, ಒಳಗೆ ಸುತ್ತಲೂ ಜೋಳದ ದಂಟಿನ ಒಣ ಕಣಿಕೆ, ಬಾಯಿಗೆ ಹಾಸುಗಲ್ಲು, ಕಲ್ಲಿನ ಮೇಲೆ ಮಣ್ಣು. ಗಾಳಿ, ನೀರು ಹೊಗದಿದ್ದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಏಸುಸ್ವಾಮಿಯನ್ನು ನಂಬಿದ ಮನೆಗಳು ನಮ್ಮದೂ ಸೇರಿ ಐದು. ನನಗೆ ಒಂಬತ್ತು ವರ್ಷ. ಸಾಲಿ ಎರಡನೇ ಇಯತ್ತೆಗೇ ಬಿಟ್ಟಿದ್ದೆ. ಭಾನುವಾರ ಪ್ರಾರ್ಥನಾಮನೆಯಲ್ಲಿ ಕಲಿಸುವ ಅಕ್ಕೋರು ಹೇಳುವ ಕಥೆಗಳೇ ನನ್ನ ಓದು.

ಅದರಲ್ಲಿ ಒಬ್ಬ ಶ್ರೀಮಂತನ ಕಥೆ. ಬೆಳೆ ಹೆಚ್ಚು ಬಂತೆಂದು ಅವನು ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ, ಅವತ್ತೇ ಸತ್ತ. ಅಪ್ಪ ಮುಂದಿನ ಸಾಲಿನಲ್ಲಿ ಕೂತು, "ಹೌದ್ರಿ, ಖರೇ ಐತ್ರಿ" ಎಂದು ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದ. ಆ ವರ್ಷ ನಮ್ಮ ಹೊಲದಲ್ಲಿ ಬಿಳಿಜೋಳ ಆಳೆತ್ತರ ಬಂದಾಗ ಅವನು ಮಾಡಿದ್ದೇನು? ಹಳೆಯ ಹಗೇವು ಸಾಲದೆಂದು ಹೊಸದು ತೋಡಿಸಿದ, ಅದೂ ಮನೆ ಬಾಗಿಲ ಮುಂದೆಯೇ.

ಹಗೇವು ತೋಡುವ ಇಮಾಮ್ ಕಾಕಾ ಮಣ್ಣು ಹಿಸುಕಿ ನೋಡಿ, "ಇಲ್ಲಿ ತಗ್ಗೈತ್ರಿ, ನೀರು ಇಳೀತೈತಿ. ದಿಬ್ಬದ ಮ್ಯಾಲ ತೋಡೂಣ್ರಿ" ಎಂದ.

"ದಿಬ್ಬದ ಮ್ಯಾಲ ತೋಡಿದ್ರ ನೋಡಾವ್ರು ಯಾರೋ ಇಮಾಮ್ಯಾ?"

ಹಗೇವು ತುಂಬಿಸಿದ ವಾರ ಅಪ್ಪ ಪ್ರಾರ್ಥನಾಮನೆಗೆ ಎರಡು ಚೀಲ ಕಾಣಿಕೆ ಕೊಟ್ಟ. ಅಯ್ಯನವರ ಮೇಜಿನ ಎದುರು ಇಟ್ಟು, ಎಲ್ಲರೂ ನೋಡುವವರೆಗೆ ಪಕ್ಕದಲ್ಲೇ ನಿಂತ.

ರೋಹಿಣಿ ಮಳೆಗೆ ಮುಂಚೆ ರೂತತ್ತಿ ಬಂದಳು. ಅಪ್ಪನ ಒಡಹುಟ್ಟಿದ ತಂಗಿ, ಗಂಡ ಸತ್ತವಳು, ಎರಡು ಮಕ್ಕಳು. ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವಳು. ಬಿಸಿ ರೊಟ್ಟಿಗೆ ಶೇಂಗಾಹಿಂಡಿ ಸವರಿ ಸುರುಳಿ ಮಾಡಿ ಕೈಗೆ ಕೊಡುತ್ತಿದ್ದವಳು.

"ಅಣ್ಣಾ, ಒಂದ ಚೀಲ ಜ್ವಾಳ ಕೊಡು. ಇಲ್ಲಾಂದ್ರ ಮಕ್ಕಳನ್ನ ಕಟಗೊಂಡು ದುಡಿಯಾಕ ಸೊಲ್ಲಾಪುರಕ್ಕ ಹೋಗಬೇಕಾಗತೈತಿ."

"ಹಗೇವಿನ ಬಾಯಿ ಮುಚ್ಚೇನಿ ತಂಗಿ. ತಗದ್ರ ಗಾಳಿ ಹೊಕ್ಕು ಎಲ್ಲಾ ಕೆಡತೈತಿ. ಸುಗ್ಗಿಗೆ ಬಾ."

"ಸುಗ್ಗಿತನಕ ಹುಡುಗ್ರ ಹೊಟ್ಟಿಮ್ಯಾಲೂ ಹಾಸಗಲ್ಲು ಮುಚ್ಚಲೇನು?"

ಅಪ್ಪ ನಕ್ಕ. ಪಡಸಾಲೆಯ ಮೂಲೆಯಲ್ಲಿ ನಾಲ್ಕು ಚೀಲ ಜೋಳ ನಿಂತಿತ್ತು. ಅತ್ತಿಯೂ ನೋಡಿದಳು. ಅವ್ವ ಬೆನ್ನು ತಿರುಗಿಸಿ ಒಲೆ ಊದತೊಡಗಿದಳು. ಅವಳ ಮೇಲೂ ನನಗೆ ಇವತ್ತಿಗೂ ಸಿಟ್ಟಿದೆ. ಮೂರನೇ ದಿನ ಅತ್ತಿಯ ಮನೆಗೆ ಕೀಲಿ ಬಿತ್ತು.

ಉತ್ತರಿ ಮಳೆ ಎಂಟು ದಿನ ಹಿಡಿಯಿತು. ಶನಿವಾರ ಬಾಗಿಲ ಮುಂದೆ ನೆಲ ಕುಸಿದದ್ದು ಕಂಡು ಅಪ್ಪ ಕಲ್ಲು ತೆಗೆಸಿದ. ಒಳಗಿನಿಂದ ಬಿಸಿ ಉಗಿ ಎದ್ದಿತು, ಜೊತೆಗೆ ಮೂಗು ಸೀಳುವ ಹುಳಿ ನಾತ. ಕಾಳು ಕಪ್ಪಗೆ ಹೆಂಟೆ ಕಟ್ಟಿತ್ತು. ಎತ್ತುಗಳೂ ಮೂಸಿ ಮುಖ ತಿರುಗಿಸಿದವು.

ಅಯ್ಯನವರು ಬಂದು ದೇವರ ಪರೀಕ್ಷೆ ಎಂದಾಗ ಅಪ್ಪನ ಮುಖ ಅರಳಿತು. "ಎಲ್ಲಾರಿಗೂ ಪರೀಕ್ಷಾ ಬರೂದಿಲ್ರಿ ಅಯ್ಯನೋರ" ಎಂದ. ಕೊಳೆತ ಜೋಳದಲ್ಲೂ ಅವನಿಗೆ ದೊಡ್ಡಸ್ತಿಕೆ ಸಿಕ್ಕಿತು.

ಈಗ ಊರಲ್ಲಿ ಹಗೇವು ಒಂದೂ ಉಳಿದಿಲ್ಲ. ಹೋದರೆ ಹೋಗಲಿ, ಅದಕ್ಕೆ ನಾನು ಅಳುವವಳಲ್ಲ. ರೂತತ್ತಿ ತಿರುಗಿ ಬರಲಿಲ್ಲ, ನಾನು ಕಳೆದುಕೊಂಡದ್ದು ಅವಳನ್ನು. ಆಮೇಲೆ ನನ್ನ ತಲೆ ಬಾಚಿದವರೆಲ್ಲ ಕೂದಲು ಎಳೆದೇ ಬಾಚಿದರು.

ಹಗೇವಿನ ಕಲ್ಲು ತೆಗೆಸಿದ ಮರುದಿನ, ಭಾನುವಾರ ಬೆಳಿಗ್ಗೆ ಅಪ್ಪ ಮಡಿ ಧೋತರ ಉಟ್ಟು, ರುಮಾಲು ಸುತ್ತಿ, ಪ್ರಾರ್ಥನಾಮನೆಯ ಮುಂದಿನ ಸಾಲಿನಲ್ಲಿ ಕೂತಿದ್ದ. ನಾನು ಉಟ್ಟ ಪರಕಾರ ಎತ್ತಿ ಉಡಿ ಮಾಡಿ, ಅದರ ತುಂಬ ಆ ಕೊಳೆತ ಜೋಳ ತುಂಬಿಕೊಂಡು ಒಳಗೆ ಹೋದೆ. ಅವನು ಚೀಲ ಇಟ್ಟಿದ್ದ ಜಾಗದಲ್ಲೇ ಸುರಿದೆ.

"ಇದು ರೂತತ್ತಿ ಪಾಲಿಂದು" ಎಂದೆ. ಎಲ್ಲರೂ ನೋಡುವವರೆಗೆ ಪಕ್ಕದಲ್ಲೇ ನಿಂತೆ.