ಹದಿನಾಲ್ಕನೇ ನಂಬರಿನ ದಬ್ಬಣ

ವಿಮಾನದ ಸುದ್ದಿ ಏನೇ ಬರಲಿ, ಅಲ್ಲಾಬಕ್ಷ್ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು.

"ಯಾವ ವಿಮಾನ?"

ಎಲ್ಲಿ ಏನಾಯಿತು, ಒಳಗಿದ್ದ ಜನ ಏನಾದರು ಎಂದು ನಾವೆಲ್ಲ ಅಯ್ಯೋ ಅನ್ನುತ್ತಿದ್ದರೆ ಇವರಿಗೆ ವಿಮಾನದ ಹೆಸರು ಬೇಕು. ಹೊಸ ಕಾಲದ ದೊಡ್ಡ ವಿಮಾನ ಅಂತ ಯಾರಾದರೂ ಮೊಬೈಲ್ ನೋಡಿ ಹೇಳಿದ ಮೇಲೆಯೇ ಕೈಯಲ್ಲಿದ್ದ ಕತ್ತರಿ ಮತ್ತೆ ಓಡುತ್ತಿತ್ತು. ಮನುಷ್ಯರಿಗಿಂತ ಇವರಿಗೆ ವಿಮಾನ ಹೆಚ್ಚಾಯಿತಲ್ಲ ಎಂದು ಒಂದೆರಡು ಸಲ ನನಗೆ ಸಿಟ್ಟೂ ಬಂದಿತ್ತು.

ಅವರದು ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಕುಶನ್ ಅಂಗಡಿ. ಟ್ರ್ಯಾಕ್ಟರ್ ಸೀಟು, ಬೈಕಿನ ಸೀಟು, ಸೋಫಾ, ಎಲ್ಲಕ್ಕೂ ಹೊಸ ಬಟ್ಟೆ ಹಾಕಿ ಹೊಲಿದು ಕೊಡುತ್ತಾರೆ. ಅವರ ತಂದೆ ಹರಿಹರದಲ್ಲಿ ಹತ್ತಿ ಬಡಿದು ಗಾದಿ ಹೊಲಿಯುತ್ತಿದ್ದವರು. ಆ ರೂಢಿಗೆ ಇವರ ಅಂಗಡಿಯಲ್ಲೂ ಒಂದು ಮೂಲೆಯಲ್ಲಿ ಹತ್ತಿ ಇದ್ದೇ ಇರುತ್ತದೆ. ಅದಕ್ಕೇ ನಾನು ಅಲ್ಲಿಗೆ ಹೋಗಿ ಕೂರುವುದು. ಹತ್ತಿ ಕೊಂಡು ಅವರ ಜಗಲಿಯಲ್ಲೇ ಕುಳಿತು ಹೂಬತ್ತಿ ಹೊಸೆದು ಮಾರುತ್ತೇನೆ. ಹನ್ನೊಂದು ವರ್ಷವಾಯಿತು. ಕೈಗೆ ಕೆಲಸ, ಕಿವಿಗೆ ಅವರ ಮಾತು.

ಮಾತೆಲ್ಲ ವಿಮಾನದ್ದೇ. ಹರೆಯದಲ್ಲಿ ಒಂಬತ್ತು ವರ್ಷ ಅವರು ಬೆಂಗಳೂರಿನ ಹಳೇ ವಿಮಾನ ನಿಲ್ದಾಣದಲ್ಲಿ ವಿಮಾನದ ಸೀಟು ಹೊಲಿಯುವ ಕೆಲಸ ಮಾಡಿದ್ದರು.

"ಫೋಕರ್ ವಿಮಾನಕ್ಕೆ ರೆಕ್ಕೆ ತಲೆ ಮ್ಯಾಲೆ ಅಕ್ಕಾ, ಕೊಡೆ ಹಿಡಿದಂಗೆ. ಆವ್ರೋಗೆ ಹೊಟ್ಟೆ ಕೆಳಗೆ. ಆವ್ರೋ ಶುರುವಾದ್ರೆ ಕೀ ಅಂತ ಕಿರುಚೋದು, ಒಂದು ಮೈಲಿ ದೂರದಾಗೆ ನಾಯಿ ಎದ್ದು ಕೂರೋವು."

ಆಗ ವಿಮಾನ ನೋಡಲೆಂದೇ ಟಿಕೆಟ್ ತೆಗೆದುಕೊಂಡು ಜನ ಮಹಡಿ ಹತ್ತುತ್ತಿದ್ದರಂತೆ. ಒಬ್ಬ ಮನುಷ್ಯ ದೆಹಲಿಗೆ ಹೊರಟರೆ ಕಳಿಸಲು ಇಪ್ಪತ್ತು ಜನ. ಬುತ್ತಿ ಬಿಚ್ಚಿ ಅಲ್ಲೇ ರೊಟ್ಟಿ ತಿಂದು, ವಿಮಾನ ಮೇಲೇರಿ ಚುಕ್ಕಿಯಾಗುವ ತನಕ ಕೈ ಬೀಸುತ್ತಿದ್ದರು. ರೆಕ್ಕೆಯ ಫ್ಯಾನು ತಿರುಗಿದ ಗಾಳಿಗೆ ಹೊರಟವರ ಕೊರಳ ಹಾರದ ಹೂವೆಲ್ಲ ಉದುರಿ ಬೇಲಿಗೆ ಬಂದು ಬೀಳುತ್ತಿತ್ತು. ಏಣಿಯನ್ನು ನಾಲ್ಕು ಜನ ಕೈಯಲ್ಲೇ ತಳ್ಳಿಕೊಂಡು ಹೋಗಿ ಬಾಗಿಲಿಗೆ ಹಚ್ಚುತ್ತಿದ್ದರು. ಒಳಗೆ ಕೂತವರಿಗೆ ಗಗನಸಖಿ ತಟ್ಟೆಯಲ್ಲಿ ಪೆಪ್ಪರಮಿಂಟೂ ಹತ್ತಿಯ ಉಂಡೆಯೂ ತರುತ್ತಿದ್ದಳಂತೆ. ಪೆಪ್ಪರಮಿಂಟು ಬಾಯಿಗೆ, ಹತ್ತಿ ಕಿವಿಗೆ.

"ನಮ್ಮಪ್ಪ ಜೀವಮಾನವೆಲ್ಲ ಬಡಿದ ಹತ್ತಿ ನೆಲದ ಮ್ಯಾಲೇ ಇತ್ತು. ಅಲ್ಲಿ ನೋಡಿದ್ರೆ ಹತ್ತಿ ಆಕಾಶಕ್ಕೆ ಹೋಗ್ತಿತ್ತು ನೋಡ್ರಿ," ಎಂದು ನನ್ನ ಬತ್ತಿಯ ಕಡೆ ಕೈ ತೋರಿಸಿ ನಗುವರು.

ಸೀಟು ಬಿಚ್ಚಿದಾಗ ಸಿಕ್ಕಿದ ಸಾಮಾನಿನ ಕಥೆ ಬೇರೆ. ಅಡಕತ್ತರಿ, ಮಗುವಿನ ಉಡದಾರ, ಒಂದು ಸಲ ಹಲ್ಲಿನ ಸೆಟ್ಟು. ಎಲ್ಲವನ್ನೂ ಕೌಂಟರಿಗೆ ಒಪ್ಪಿಸುತ್ತಿದ್ದರಂತೆ. ಹಲ್ಲಿನ ಒಡೆಯರು ಬರಲೇ ಇಲ್ಲವಂತೆ.

ಅವರ ಹೆಂಡತಿ ಖತೀಜಾಬೀ ಮಧ್ಯಾಹ್ನ ಊಟದ ಡಬ್ಬಿ ತಂದವಳು ಇದನ್ನೆಲ್ಲ ಕೇಳಿ ಮೂಗು ಮುರಿಯುತ್ತಿದ್ದಳು. "ನಾನು ಇವ್ರಿಗೆ ಎರಡನೇ ಹೆಂಡ್ತಿ ಅಕ್ಕಾ. ಮೊದಲನೇದು ಆವ್ರೋ. ಆಕಿ ಬಿಟ್ಟು ಹೋದ ಮ್ಯಾಲೆ ನನ್ನ ಕಟ್ಟಿಕೊಂಡಿದ್ದು."

"ಆಕಿ ಬಿಟ್ಟು ಹೋಗ್ಲಿಲ್ಲ," ಎಂದು ಒಮ್ಮೆ ಅವರು ಮೆಲ್ಲಗೆ ಹೇಳಿದ್ದರು. "ನಾನೇ ಬಿಟ್ಟು ಬಂದೆ." ಅಷ್ಟೇ.

ಅದನ್ನು ನಾನು ಗಮನಿಸಿದ್ದೆ. ಕೆಲಸಕ್ಕೆ ಸೇರಿದ ದಿನದ್ದು ಹೇಳುತ್ತಾರೆ, ಮೊದಲ ಸೀಟಿನ ಬಣ್ಣ ಹೇಳುತ್ತಾರೆ, ಕ್ಯಾಂಟೀನಿನ ಚಹಾದ ರುಚಿ ಹೇಳುತ್ತಾರೆ. ಕೊನೆಯ ದಿನದ ಮಾತು ಮಾತ್ರ ಯಾವತ್ತೂ ಬಂದದ್ದಿಲ್ಲ. ಇನ್ನೊಂದೂ ಇತ್ತು. ಸುತ್ತಲಿನ ಎಲ್ಲ ಹಳ್ಳಿಗಳಿಂದಲೂ ಟ್ರ್ಯಾಕ್ಟರ್ ಸೀಟು ಬರುತ್ತವೆ. ನಂದಿಗುಡಿಯಿಂದ ಯಾರಾದರೂ ಬಂದರೆ ಮಾತ್ರ, "ಕೆಲಸ ಭಾಳ ಐತ್ರಿ, ಹರಿಹರದಾಗೆ ಕೊಡ್ರಿ," ಎಂದು ಕಳಿಸಿಬಿಡುತ್ತಿದ್ದರು. ನಾನು ಕೇಳಲಿಲ್ಲ. ಬತ್ತಿ ಹೊಸೆಯುವವರಿಗೆ ಅವಸರ ಇರುವುದಿಲ್ಲ.

ಹೋದ ಶ್ರಾವಣದಲ್ಲಿ ಒಬ್ಬರು ಸೀಟು ಹೊತ್ತುಕೊಂಡು ಬಂದರು. ಊರು ಕೇಳುವ ಮೊದಲೇ ಇವರು ಅಳತೆ ಹಿಡಿದುಬಿಟ್ಟಿದ್ದರು.

"ಹೆಸರು ಹೇಳ್ರಿ, ಚೀಟಿ ಅಂಟಿಸ್ತೀನಿ."

"ಶಿವಕುಮಾರ, ನಂದಿಗುಡಿ. ಗೋಡೆ ಮ್ಯಾಲೆ ವಿಮಾನದ ಫೋಟೋ ಹಾಕೀರಲ್ಲ! ನಮ್ಮ ಅಪ್ಪಾರೂ ಆ ಕೆಲಸದಾಗೇ ಇದ್ರು. ಸ್ಟೋರ್ ನೋಡ್ಕೊಳ್ತಿದ್ರು. ರುದ್ರಮುನಿ ಅಂತ."

ಅಲ್ಲಾಬಕ್ಷ್ ಅವರ ಕೈಯ ಟೇಪು ಸುರ್ರೆಂದು ಸುತ್ತಿಕೊಂಡಿತು. "ಅದಾರೇನ್ರಿ?"

"ಅದಾರೆ. ಎಂಬತ್ತೇಳು. ಆದ್ರೆ ಈಗೀಗ ಮರೆವು ಬಂದೈತೆ. ಒಮ್ಮೊಮ್ಮೆ ನನ್ನನ್ನೇ ಯಾರು ಅಂತಾರೆ. ದಿನಾ ಒಂದೊಂದು ಹೋಗ್ತಾ ಐತೆ."

ಆತ ಹೋದ ಮೇಲೆ ಇವರು ಸೀಟನ್ನು ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಬಂದು ಜಗಲಿಯಲ್ಲಿ ನನ್ನ ಪಕ್ಕ ಕುಳಿತರು. ಖತೀಜಾಬೀ ಡಬ್ಬಿ ತೊಳೆಯುತ್ತಿದ್ದವಳು ನೀರು ನಿಲ್ಲಿಸಿದಳು.

"ಅಕ್ಕಾ, ಆ ಮನುಷ್ಯನ ನೆನಪು ಪೂರಾ ಹೋದ್ರೆ ನನಗೆ ಹೇಳೋರು ಭೂಮಿ ಮ್ಯಾಲೆ ಯಾರೂ ಇರಲ್ಲ."

ಅವರು ಹೇಳಿದ್ದು ಇಷ್ಟು. ವಿಮಾನದ ಕೆಲಸದಲ್ಲಿ ಸಾಮಾನು ಕೊಡುವುದಕ್ಕೆ ಒಂದು ಕ್ರಮ. ಪ್ರತಿ ಕೆಲಸಗಾರನಿಗೂ ಒಂದು ನಂಬರು, ತೆಗೆದುಕೊಂಡ ಸಾಮಾನಿಗೆಲ್ಲ ಆ ನಂಬರಿನ ಮೇಲೆ ಸಹಿ. ಸ್ಟೋರಿನ ಗೋಡೆಗೆ ದೊಡ್ಡ ಹಲಗೆ. ಹಲಗೆಯ ಮೇಲೆ ಪ್ರತಿಯೊಂದು ಸಾಮಾನಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿರುತ್ತಾರೆ, ಅದರ ನೆರಳಿನ ಹಾಗೆ. ಸಂಜೆ ಪ್ರತಿ ನೆರಳಿನ ಮೇಲೂ ಅದರ ಸಾಮಾನು ಬಂದು ಕೂತಿರಬೇಕು. ಒಂದು ನೆರಳು ಖಾಲಿ ಕಂಡರೂ ವಿಮಾನ ಏಳುವಂತಿಲ್ಲ. ಕಾಣದ ಸಾಮಾನು ವಿಮಾನದೊಳಗೆ ಎಲ್ಲಿ ಸಿಕ್ಕಿಕೊಂಡಿದೆಯೋ, ಏನು ಮಾಡೀತೋ ಯಾರಿಗೆ ಗೊತ್ತು.

ಒಂದು ಸಂಜೆ ಊರಿಂದ ತಂತಿ ಬಂತು, ಅಪ್ಪನಿಗೆ ಕಾಯಿಲೆ ಜೋರು, ಹೊರಡು ಎಂದು. ರೈಲಿಗೆ ಒಂದು ಗಂಟೆ. ಆವ್ರೋದ ಸೀಟು ಹೊಲಿದು ಮುಗಿಸಿ ಸಾಮಾನು ಒಪ್ಪಿಸಲು ಹೋದರೆ ಒಂದು ದಬ್ಬಣ ಇಲ್ಲ. ಗಾದಿ ಹೊಲಿಯುವ ಉದ್ದ ಸೂಜಿ ಅದು. ಹುಡುಕಲು ನಿಂತರೆ ರೈಲು ತಪ್ಪುತ್ತಿತ್ತು. ಅಪ್ಪ ಹರಸಿ ಕೊಟ್ಟಿದ್ದ ಒಂದು ದಬ್ಬಣ ಅವರ ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು. ಅದನ್ನೇ ತೆಗೆದು ಆ ನೆರಳಿನ ಮೇಲೆ ತಗುಲಿಸಿ, ಸಹಿ ಹಾಕಿ, ಓಡಿದರು.

ಹರಿಹರಕ್ಕೆ ಬಂದಾಗ ಅಪ್ಪ ಇನ್ನೂ ಉಸಿರಾಡುತ್ತಿದ್ದರು. ಎಂಟು ದಿನಕ್ಕೆ ಹೋದರು. ಅವರು ಹೋದ ಮೇಲೆ ಕೆಲಸಕ್ಕೆ ವಾಪಸ್ ಹೋಗಲು ಧೈರ್ಯ ಬರಲಿಲ್ಲ. ಹೋದರೆ ಸ್ಟೋರಿನ ರುದ್ರಮುನಿಯವರ ಮುಖ ನೋಡಬೇಕು. ಆ ಕೆಲಸ ಕೊಡಿಸಿದವರೇ ಅವರು.

"ಬೆಳಿಗ್ಗೆ ಆರಕ್ಕೆ ಆ ವಿಮಾನ ಹೋಗ್ಬೇಕಿತ್ತು ಅಕ್ಕಾ. ಯಾರಿಗೆ ಚುಚ್ಚಿತೋ, ಯಾವ ಮಗುವಿಗೆ ಚುಚ್ಚಿತೋ. ಜಾರಿ ಎಲ್ಲಿಗೆ ಬಿತ್ತೋ. ಈಗ ಆವ್ರೋ ಹಾರಲ್ಲ, ನನಗೂ ಗೊತ್ತು. ಆದ್ರೂ ವಿಮಾನ ಅಂದ ಕೂಡ್ಲೆ ಯಾವುದು ಅಂತ ಬಾಯಿ ತಾನೇ ಕೇಳ್ತದೆ."

ಖತೀಜಾಬೀ ಅವರನ್ನೇ ನೋಡುತ್ತಿದ್ದಳು. "ನಲವತ್ತು ವರ್ಷ ನನ್ನ ಪಕ್ಕ ಮಲಗಿ ಇದೊಂದು ಮಾತು ಹೇಳ್ಲಿಲ್ವೇನ್ರಿ?"

"ಹೇಳಿದ್ರೆ ನೀನು ಏನ್ಮಾಡ್ತಿದ್ದೆ?"

"ಅವತ್ತೇ ನಂದಿಗುಡಿ ಬಸ್ ಹತ್ತಿಸ್ತಿದ್ದೆ! ಇಲ್ಲೇ ಐತಲ್ಲ, ಅಮೆರಿಕದಾಗೆ ಐತೇನು?"

ನಾನೂ ಹೇಳಿದೆ. "ಹೋಗಿ ಕೇಳಿ ಬರೋಣ ನಡೀರಿ ಅಣ್ಣಾ. ಕೆಟ್ಟದ್ದೇ ಆಗಿದ್ರೂ ಗೊತ್ತಾಗ್ಲಿ. ಗೊತ್ತಿಲ್ದೇ ಇರೋದಕ್ಕಿಂತ ಮೇಲು."

ಮರುದಿನ ಬೆಳಿಗ್ಗೆ ಮೂವರೂ ಹೊರಟೆವು. ಶಿವಕುಮಾರನ ಸೀಟನ್ನು ಅವರು ಬೆಳಗಾಗುವುದರೊಳಗೆ ಹೊಲಿದು ಮುಗಿಸಿದ್ದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಕಂಡಕ್ಟರ್ ಬಂದಾಗ ನಾವಿಬ್ಬರೂ ಆಧಾರ್ ಕಾರ್ಡ್ ತೋರಿಸಿದೆವು, ಹೆಂಗಸರಿಗೆ ಬಸ್ ಫ್ರೀ.

"ಇವ್ರಿಗೆ ಮಾತ್ರ ಟಿಕೆಟ್ ಕೊಡಪ್ಪಾ," ಎಂದಳು ಖತೀಜಾಬೀ. "ತಪ್ಪು ಮಾಡಿದೋರು ಇವ್ರೇ."

ಹರಿಹರ ಹತ್ತಿರವಾದಾಗ ಅವರು ಮೊದಲ ಸಲ ಸ್ವಲ್ಪ ನಕ್ಕರು. ಹರಿಹರದಲ್ಲಿ ನಂದಿಗುಡಿ ಬಸ್ ಹತ್ತುವಾಗ ಮತ್ತೆ ಮುಖ ಸಣ್ಣದಾಯಿತು. ಅವರ ಕಾಲು ಮೆಟ್ಟಿಲ ಮೇಲೆ ನಿಂತೇಬಿಟ್ಟಿತು. ಹಿಂದಿನಿಂದ ಖತೀಜಾಬೀ ತನ್ನ ಕೈಗೆ ಬಂದಿದ್ದ ಟ್ರ್ಯಾಕ್ಟರ್ ಸೀಟಿನಿಂದಲೇ ತಳ್ಳಿದಳು.

ರುದ್ರಮುನಿಯವರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಹಣೆಯ ತುಂಬ ವಿಭೂತಿ, ಮೈ ಒಣಗಿದ ಕಡ್ಡಿ. ಸೊಸೆ ಆಶಾರಾಣಿ, "ಕೂಡ್ರಿ, ಕೂಡ್ರಿ," ಎಂದು ಚಾಪೆ ಹಾಸಿದಳು. ಶಿವಕುಮಾರ ತಂದೆಯ ಕಿವಿಯ ಹತ್ತಿರ ಬಾಗಿ, "ಅಪ್ಪಾರೆ, ನಿಮ್ಮ ಜತೆ ಕೆಲಸ ಮಾಡಿದೋರಂತೆ," ಎಂದ.

ಅವರು ನೋಡಿದರು. ಗುರುತಿಲ್ಲ.

"ಸರ್, ನಾನು ಅಲ್ಲಾಬಕ್ಷ್. ಹರಿಹರದ ಗಾದಿ ಹುಸೇನಪ್ಪನ ಮಗ."

"ಯಾರು?"

"ಅಲ್ಲಾಬಕ್ಷ್ ಸರ್."

"ಊಟ ಆತೇನಪ್ಪಾ?" ಎಂದರು ರುದ್ರಮುನಿ. ಊರಿನ ಯಾರನ್ನೋ ಕೇಳಿದ ಹಾಗೆ.

ಅಲ್ಲಾಬಕ್ಷ್ ನನ್ನ ಕಡೆ ತಿರುಗಿದರು. ತಡವಾಯಿತು ಎಂದು ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ. ಅವರು ಇಷ್ಟು ವರ್ಷ ಜಗಲಿಯಲ್ಲಿ ಹೇಳಿದ್ದೆಲ್ಲ ನನ್ನ ಕಿವಿಯಲ್ಲಿ ಇತ್ತು. "ಅಣ್ಣಾ," ಎಂದೆ, "ಕೆಲಸದಾಗೆ ನಿಮಗೊಂದು ನಂಬರ್ ಇತ್ತು ಅಂತಿದ್ರಲ್ಲ. ಅದನ್ನ ಹೇಳ್ರಿ."

ಅವರು ನೆಟ್ಟಗೆ ನಿಂತರು. "ಹದಿನಾಲ್ಕು, ಸರ್."

ಮುದುಕರ ತಲೆ ಮೇಲೆದ್ದಿತು. "ಹದಿನಾಲ್ಕು. ಕುಶನ್. ದಬ್ಬಣ ಎರಡು, ಬಾಗಿದ ಸೂಜಿ ಮೂರು, ಕತ್ತರಿ ಒಂದು." ಕಣ್ಣು ಕಿರಿದಾಯಿತು. "ಲೇ! ಎಲ್ಲಿ ಹೋಗಿದ್ಯೋ ನೀನು?"

ಅಲ್ಲಾಬಕ್ಷ್ ಅವರ ಕಾಲ ಹತ್ತಿರ ಕುಸಿದು ಕುಳಿತರು. "ಸರ್, ಅವತ್ತು ಆ ದಬ್ಬಣ ನಿಮ್ಮದಲ್ಲ. ನಾನು..."

"ನಮ್ಮದಲ್ಲ ಅಂತ ನನಗೆ ಗೊತ್ತಾಗಲ್ವೇನೋ? ನೆರಳಿಗಿಂತ ಅರ್ಧ ಬೆರಳು ಉದ್ದ ಇತ್ತು! ನೀನು ಗೇಟ್ ದಾಟೋದ್ರೊಳಗೆ ನೋಡ್ದೆ. ನಮ್ಮ ಮನೆ ಗಾದಿಯೆಲ್ಲ ನಿಮ್ಮಪ್ಪ ಅದೇ ದಬ್ಬಣದಾಗೆ ಹೊಲಿದಿದ್ದ. ಗುರುತಿಲ್ವಾ?"

"ಮತ್ತೆ ವಿಮಾನ ಸರ್?"

"ಬಿಡ್ತೀನೇನು? ನಿಲ್ಲಿಸ್ದೆ. ಒಂದೊಂದು ಸೀಟೂ ಬಿಚ್ಚಿಸ್ದೆ. ನಲವತ್ತು ಚಿಲ್ಲರೆ ಸೀಟು. ರಾತ್ರಿಯೆಲ್ಲ ಆರು ಜನ. ಬಿಚ್ಚಿದ್ದನ್ನ ಹೊಲಿಯೋಕೆ ಹೊಲಿಯೋನೇ ಇಲ್ಲ, ನೀನು ರೈಲಿನಾಗೆ!"

"ಸಿಕ್ತಾ?"

"ಸೀಟಿನಾಗೆ ಎಲ್ಲಿ ಸಿಗ್ತದೆ? ಬೆಳಗಿನ ಜಾವ, ನೀನು ಮೊಳೆಗೆ ನೇತು ಹಾಕಿದ್ದ ಏಪ್ರನ್ ತಗೊಂಡು ಯಾರೋ ಕೈ ಒರೆಸೋಕೆ ಹೋದ. ಕಿರುಚಿದ. ಜೇಬಿನಾಗೆ ಇತ್ತು."

ಮೊದಲು ನಕ್ಕವಳು ಖತೀಜಾಬೀ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. "ಈಗ್ಲೂ ಹಂಗೇ ಸರ್! ಕನ್ನಡಕ ತಲೆ ಮ್ಯಾಲೆ ಇಟ್ಕೊಂಡು ಮನೆಯೆಲ್ಲ ಹುಡುಕಿಸ್ತಾರೆ!"

ಅಲ್ಲಾಬಕ್ಷ್ ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವುದು ಕಷ್ಟ. ಎರಡೂ ಕೈಯಲ್ಲಿ ಮುಖ ಒರೆಸಿಕೊಂಡರು. "ದಬ್ಬಣ ವಿಮಾನಕ್ಕೆ ಹೋಗೇ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಹತ್ತೇ ಇಲ್ಲ ಅದು."

"ವಿಮಾನ ಹತ್ತು ಗಂಟೆಗೆ ಹೊರಡ್ತು. ನಾಲ್ಕು ಗಂಟೆ ತಡ. ಜನ ಬೈದ್ರು," ಎಂದರು ರುದ್ರಮುನಿ. "ನೀನು ಬರ್ತೀಯ, ಬೈಯ್ಬೇಕು ಅಂತ ಕಾದೆ. ಬೈಸಿಕೊಂಡಿದ್ರೆ ಕೆಲಸ ಉಳೀತಿತ್ತು. ಬರ್ಲೇ ಇಲ್ಲ. ನಿಮ್ಮಪ್ಪ ಹೆಂಗದಾನೆ?"

ಅಪ್ಪ ಹೋಗಿ ನಲವತ್ತು ವರ್ಷ ಎಂದು ಅಲ್ಲಾಬಕ್ಷ್ ಹೇಳಲಿಲ್ಲ. "ಆರಾಮ್ ಸರ್," ಎಂದರು.

"ಆಶಾ! ನಾನು ತಂದಿಟ್ಟಿದ್ನಲ್ಲ, ಇವನ ಅಪ್ಪನ ಆ ಉದ್ದ ದಬ್ಬಣ ತಾರಮ್ಮಾ."

ಆಶಾರಾಣಿ ಒಳಗಿಂದ ಸುತಳಿಯ ಉಂಡೆ ತಂದಳು. ಅದಕ್ಕೆ ಚುಚ್ಚಿಕೊಂಡಿತ್ತು, ಸವೆದು ಬೆಳ್ಳಿಯಂತೆ ಹೊಳೆಯುವ ಉದ್ದ ದಬ್ಬಣ. "ಇದಾ? ನಾನು ಈ ಮನೆಗೆ ಬಂದಾಗಿಂದ ಭತ್ತದ ಚೀಲ ಹೊಲಿಯೋದು ಇದರಾಗೇ."

ಅಲ್ಲಾಬಕ್ಷ್ ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಮೇಲೆ ಮೊನೆ ನೋಡಿದರು. "ಮೊನೆ ಮಾಡ್ಸೇ ಇಲ್ಲಲ್ಲಮ್ಮಾ," ಎಂದರು. ಅಷ್ಟು ಹೊತ್ತಿಗೆ ಅವರ ದನಿ ಅಂಗಡಿಯ ದನಿಯಾಗಿತ್ತು.

"ಸುಮ್ಮನೆ ತಗೊಂಡು ಹೋಗಂಗಿಲ್ಲ," ಎಂದರು ರುದ್ರಮುನಿ. "ಸಹಿ ಮಾಡು."

ಆಶಾರಾಣಿ ಗೋಡೆಯ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆ ಹರಿದು ಕೊಟ್ಟಳು. ಅದರ ಬೆನ್ನಿಗೆ, ದಬ್ಬಣ ಒಂದು, ಎಂದು ಬರೆದು ಅವರು ಸಹಿ ಹಾಕಿದರು. ಕೆಳಗೆ ಹದಿನಾಲ್ಕು ಎಂದು ಬರೆದರು. ಮುದುಕರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು, "ಊಟ ಆತೇನಪ್ಪಾ? ಯಾವೂರು ನಿಂದು?"

ಬರುವಾಗ ಬಸ್ಸಿನಲ್ಲಿ ಅಲ್ಲಾಬಕ್ಷ್ ಹರಿಹರದ ತನಕ ನಿದ್ದೆ ಮಾಡಿದರು. ಖತೀಜಾಬೀಯ ಭುಜದ ಮೇಲೆ ತಲೆ, ಬಾಯಿ ಅರೆ ತೆರೆದಿತ್ತು. "ಇಷ್ಟು ಜೋರು ಗೊರಕೆ ನಾನು ಕೇಳೇ ಇರ್ಲಿಲ್ಲ ಅಕ್ಕಾ," ಎಂದು ಅವಳು ಪಿಸುಗುಟ್ಟಿದಳು. ಭುಜ ಮಾತ್ರ ಸರಿಸಲಿಲ್ಲ.

ಈಗ ಅವರ ಕಥೆಗೆ ಕೊನೆಯ ದಿನವೂ ಬಂದಿದೆ. ಸೀಟು ಕೊಡಲು ಬಂದವರಿಗೆಲ್ಲ ಏಪ್ರನ್ನಿನ ಜೇಬಿನ ತನಕ ಹೇಳುತ್ತಾರೆ. ನಂದಿಗುಡಿಯವರು ಬಂದರೆ ಚಹಾ ತರಿಸುತ್ತಾರೆ. ಕೆಲಸ ಮುಂದುವರಿದಿದ್ದರೆ ಪಿಂಚಣಿ ಬರುತ್ತಿತ್ತು ಎಂದು ಖತೀಜಾಬೀ ಒಮ್ಮೊಮ್ಮೆ ಚುಚ್ಚುವುದುಂಟು. ಆಗ ಅವರು ಗೋಡೆಯ ಫೋಟೋದ ಕಡೆ ನೋಡುತ್ತಾರೆ.

ಮೊನ್ನೆ ಪಕ್ಕದ ಅಂಗಡಿಯ ರೇವಣ್ಣ ಮೊಬೈಲ್ ಹಿಡಿದು ಬಂದ. "ಬಕ್ಷಣ್ಣ, ಎಲ್ಲೋ ವಿಮಾನದ ಇಂಜಿನ್‌ನಾಗೆ ಹೊಗೆ ಬಂತಂತೆ, ವಾಪಸ್ ಇಳಿಸಿದ್ರಂತೆ."

ನಾನು ಹೊಸೆಯುತ್ತಿದ್ದ ಬತ್ತಿ ಬಿಟ್ಟು ಅವರ ಮುಖ ನೋಡಿದೆ.

"ಜನ?" ಎಂದರು. "ಜನ ಎಲ್ಲ ಇಳಿದ್ರಾ?"

"ಎಲ್ಲ ಇಳಿದ್ರಂತೆ."

"ಆತು ಬಿಡು," ಎಂದು ಅಪ್ಪನ ದಬ್ಬಣಕ್ಕೆ ದಾರ ಪೋಣಿಸಿದರು.